ಬೊಟ್ಟಿಟ್ಟ ರಿವಾಲ್ವರು

ನಮ್ಮ ತಾತನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಮದ್ದು ಸುರಿದು, ಗುಂಡು ಗಿಡಿದು, ಹಿಂದೆ ಒಂದು ಕೇಪು ಸಿಕ್ಕಿಸಿ ಹೊಡೆಯುವಂಥದ್ದು. ಕಬ್ಬಿನ ಗದ್ದೆಗೆ ನುಗ್ಗುವ ಹಂದಿಗಳನ್ನು ಬೆದರಿಸಲು ಇಟ್ಟುಕೊಂಡಿದ್ದರು. ನನಗೆ ಮುಟ್ಟಲೂ ಬಿಡಲಿಲ್ಲ. ಆ ಆಸೆಯನ್ನು ಐವತ್ತು ದಾಟಿದ ಮೇಲೆ, ಅಮೆರಿಕದಲ್ಲಿ, ಎವರ್‌ಗ್ರೀನ್ ಬಡಾವಣೆಯ ಮನೆಯಲ್ಲಿ ಕೂತು ತೀರಿಸಿಕೊಳ್ಳಲು ಹೊರಟೆ. ಹಳೇ ಕಾಲದ ರಿವಾಲ್ವರಿನ ಹೊಸ ನಕಲೊಂದನ್ನು ತರಿಸಿದೆ. ಅದಕ್ಕೂ ಮದ್ದು, ಗುಂಡು, ಕೇಪು ಎಲ್ಲ ಕೈಯಲ್ಲೇ ತುಂಬಬೇಕು.

ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಕೋವಿಗಿಂತ ಹೆಚ್ಚಾಗಿ ಮಗಳು. ಮೆನ್ಲೋ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮನೆಗೆ ಬಂದರೂ ಫೋನಿನಲ್ಲೇ ಮುಳುಗಿರುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದೊಂದು ಪದದ ಉತ್ತರ. ರಿವಾಲ್ವರಿನ ಫೋಟೋ ಕಳಿಸಿದಾಗ ಮಾತ್ರ ತಾನಾಗಿಯೇ ಫೋನು ಮಾಡಿದಳು. "ಅಪ್ಪ, ಸೋ ಕೂಲ್! ನಾನೂ ಬರ್ತೀನಿ. ಪಕ್ಕದಲ್ಲಿ ನಿಂತು ವಿಡಿಯೋ ತೆಗೀತೀನಿ." ಶನಿವಾರಕ್ಕೆ ಶೂಟಿಂಗ್ ರೇಂಜಿನಲ್ಲಿ ಜಾಗ ಗೊತ್ತುಮಾಡಿದೆ. ಆ ವಾರವೆಲ್ಲ ಆಫೀಸಿನ ಮೀಟಿಂಗುಗಳಲ್ಲೂ ಖುಷಿಯಾಗಿಯೇ ಕೂತಿದ್ದೆ.

ಅಡ್ಡ ಬಂದವಳು ಹೆಂಡತಿ. ನಮ್ಮ ಮನೆಯಲ್ಲಿ ಚಕ್ರದಡಿ ನಿಂಬೆಹಣ್ಣು ಇಡದೆ ಹೊಸ ಕಾರು ಅಲ್ಲಾಡುವುದಿಲ್ಲ.

"ಮಿಕ್ಸಿಗೇ ಪೂಜೆ ಮಾಡ್ದೋಳು ನಾನು. ಇದನ್ನ ಹಂಗೇ ತಗೊಂಡ್ ಹೋಗಕ್ಕೆ ಬಿಡ್ತೀನಾ?"

"ಸರಿ, ಬೇಗ ಮುಗಿಸೇ ತಾಯಿ."

ಬೇಗ ಮುಗಿಸುವುದು ಅವಳ ಜಾಯಮಾನವಲ್ಲ. ಶನಿವಾರ ಬೆಳಗ್ಗೆ ರಿವಾಲ್ವರನ್ನು ದೇವರ ಮುಂದಿಟ್ಟು, ನಳಿಗೆಯ ಬುಡಕ್ಕೆ ಕುಂಕುಮದ ಬೊಟ್ಟಿಟ್ಟಳು. ಗುಂಡು ತುಂಬುವ ಸಿಲಿಂಡರಿಗೆ ಆರು ಮನೆಗಳಿವೆ. ಒಂದೊಂದರ ನೆತ್ತಿಗೂ ಒಂದೊಂದು ಬೊಟ್ಟು ಆಗಲೇಬೇಕಂತೆ. ಎಲ್ಲ ಮುಗಿದ ಮೇಲೆ, ಇದು ಹೇಗೆ ಕೆಲಸ ಮಾಡುತ್ತದೆ ಎಂದು ಅವಳಿಗೆ ತೋರಿಸಲು ಖಾಲಿ ರಿವಾಲ್ವರಿನಲ್ಲಿ ಕೇಪಿಗೆ ಬಡಿಯುವ ಹ್ಯಾಮರನ್ನು ಹಿಂದಕ್ಕೆ ಎಳೆದೆ. ಎಳೆದಾಗಲೆಲ್ಲ ಸಿಲಿಂಡರು ತಿರುಗಿ, ಮುಂದಿನ ಮನೆ ನಳಿಗೆಗೆ ನೇರವಾಗಿ ನಿಲ್ಲಬೇಕು. ಬೊಟ್ಟಿಗೆ ಬೊಟ್ಟು ಎದುರಾಗುತ್ತಾ ಬಂದವು. ಒಂದು ಮನೆಯ ಬೊಟ್ಟು ಮಾತ್ರ ಪಕ್ಕಕ್ಕೇ ಉಳಿಯಿತು.

"ರೀ, ಇದು ಸೊಟ್ಟ ನಿಂತಿದೆ."

"ನೀನು ಸೊಟ್ಟ ಇಟ್ಟಿದೀಯ."

ಅವಳು ಒರೆಸಿ ಮತ್ತೆ ಇಟ್ಟಳು. ಮತ್ತೂ ಹಾಗೇ. ಬೆರಳಿನಿಂದ ತಳ್ಳಿದರೆ ಸಿಲಿಂಡರು ಅಲುಗಾಡುತ್ತಿತ್ತು. ಹೊಸದು, ಹೊಡೆಯುತ್ತಾ ಸರಿಹೋಗುತ್ತದೆ ಎಂದೆ. ಅವಳು ಜಗ್ಗಲಿಲ್ಲ. ಮಗಳು ಆಗಲೇ ಶೂ ಹಾಕಿಕೊಂಡು ಕಾರಿನ ಕೀ ಹಿಡಿದು ನಿಂತಿದ್ದಳು. ನಾನು ಮುಖ ಊದಿಸಿಕೊಂಡೇ ಫೋಟೋ ತೆಗೆದು, ಮಾರಿದ ಅಂಗಡಿಗೆ ಕಳಿಸಿ ಫೋನು ಹಚ್ಚಿದೆ.

ಫೋಟೋ ನೋಡಿದ ಕೂಡಲೇ ಅಂಗಡಿಯ ಹೆಂಗಸು, ಯಾವ ಕಾರಣಕ್ಕೂ ಇದನ್ನು ಹೊಡೆಯಬೇಡಿ ಎಂದರು. ಮನೆ ನೇರವಾಗಿ ನಿಲ್ಲದಿದ್ದರೆ ಸೀಸದ ಗುಂಡು ನಳಿಗೆಯ ಅಂಚಿಗೆ ಕೆರೆದುಕೊಂಡು, ಚೂರುಗಳು ಪಕ್ಕಕ್ಕೆ ಸಿಡಿಯುತ್ತವಂತೆ. ಪಕ್ಕದಲ್ಲಿ ನಿಂತವರ ಕಣ್ಣೇ ಹೋಗಬಹುದಂತೆ. ಒಂದು ಮಾತೂ ವಾದಿಸದೆ, ಕ್ಷಮೆ ಕೇಳಿ, ಬೇರೆಯದನ್ನು ಕಳಿಸುವುದಾಗಿ ಹೇಳಿದರು. ಅಂಥವರು ಸಿಕ್ಕಿದ್ದು ನನ್ನ ಪುಣ್ಯ. ಕೊನೆಗೆ, ಇಷ್ಟು ಸ್ಪಷ್ಟವಾಗಿ ಗುರುತು ಹಾಕಿದ್ದು ಯಾರು ಎಂದು ಕೇಳಿದರು. ಕುಂಕುಮದ ಕತೆಯನ್ನು ಇಂಗ್ಲಿಷಿನಲ್ಲಿ ಎಲ್ಲಿಂದ ಶುರುಮಾಡುವುದು? ನನ್ನ ಹೆಂಡತಿ ಎಂದೆ. ಅವರಿಗೆ ನನ್ನ ಥ್ಯಾಂಕ್ಸ್ ತಿಳಿಸಿ ಎಂದರು.

ಫೋನು ಸ್ಪೀಕರಿನಲ್ಲಿತ್ತು. ಮಗಳು ಕಾರಿನ ಕೀಯನ್ನು ಮೇಜಿನ ಮೇಲಿಟ್ಟಳು.

"ಅಮ್ಮ, ನಾನು ಪಕ್ಕದಲ್ಲೇ ನಿಲ್ತಿದ್ದೆ."

ಹೆಂಡತಿ ಅವಳ ಗಲ್ಲ ಹಿಡಿದು, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ನೋಡಿದಳು. ಏನೂ ಆಗದ ಮಗುವನ್ನು ಹಾಗೆ ಹುಡುಕಿ ನೋಡುತ್ತಿದ್ದರೆ ನಾನು ರಿವಾಲ್ವರನ್ನು ಅದರ ಪೆಟ್ಟಿಗೆಗೆ ಹಾಕಿ ಮುಚ್ಚಿದೆ. ಮಗಳು ಮುಖ ಸರಿಸಿಕೊಳ್ಳಲಿಲ್ಲ.

ಗಂಡ ಹೆಂಡತಿಗೆ ಥ್ಯಾಂಕ್ಸ್ ಹೇಳುವ ರೂಢಿ ನಮ್ಮ ಮನೆಗಳಲ್ಲಿಲ್ಲ. ಅವತ್ತು ಮಗಳ ಎದುರಿಗೇ ಹೇಳಿದೆ.

"ಥ್ಯಾಂಕ್ಸ್ ಕಣೆ."

ಅವಳು ನನ್ನ ಕಡೆ ತಿರುಗಲಿಲ್ಲ. ಮಗಳ ಗಲ್ಲವನ್ನು ಬಿಡಲೂ ಇಲ್ಲ.