ದೀಪ ಬಲಗಡೆ ಇಟ್ಟ ಸಂಜೆ

ಟಪ್. ಒದ್ದೆ ಹೂವೊಂದು ಹಿತ್ತಾಳೆ ಹರಿವಾಣದ ಮೇಲೆ ಬಿದ್ದ ಸದ್ದು. ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ ಕೇಳಿಸದಷ್ಟು ಸಣ್ಣದು. ಆದರೆ ಕುಪ್ಪಗಡ್ಡೆಯ ನಮ್ಮ ಅಜ್ಜಿ ಮನೆಯಲ್ಲಿ ಎಮ್ಮೆ ಕೊಳ್ಳುವುದು, ಬಾವಿ ತೋಡಿಸುವುದು, ಹೆಣ್ಣು ನೋಡಲು ಹೊರಡುವುದು ಎಲ್ಲವೂ ಆ ಸದ್ದಿನ ಮೇಲೆ ನಿಂತಿತ್ತು. ಅಜ್ಜಿ ದೇವರ ಕೋಣೆಯಲ್ಲಿ ಕೂತು ನಂಜಬಟ್ಟಲು ಹೂವನ್ನು ನೀರಲ್ಲಿ ಅದ್ದಿ, ಅಮ್ಮನವರ ಹಿತ್ತಾಳೆ ಮುಖದ ಎರಡೂ ಕೆನ್ನೆಗೆ ಒಂದೊಂದು ಅಂಟಿಸುತ್ತಿದ್ದಳು. ಬಲಗಡೆಯದು ಮೊದಲು ಬಿದ್ದರೆ ಹೂಂ. ಎಡಗಡೆಯದು ಬಿದ್ದರೆ ಊಹೂಂ. ನಾವೆಲ್ಲ ಉಸಿರು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆವು. ಆ ಕಾಯುವ ಹೊತ್ತು ಎಂದರೆ ನನಗೆ ಪ್ರಾಣ. ನಂಬಿಕೆ ಮಾತ್ರ ಇರಲಿಲ್ಲ.

ಇದನ್ನು ಹೇಳಿದರೆ ಜನ ಕೇಳುತ್ತಾರೆ, "ಯಾವಾಗ ಬಿಟ್ರಿ?" ಬಿಡೋಕೆ ಮೊದಲು ಇರಬೇಕಲ್ಲ ರೀ! ನಾನು ದೇವರ ಮೇಲೆ ಮುನಿಸಿಕೊಂಡವಳಲ್ಲ, ಯಾವ ದುಃಖಕ್ಕೂ ಫೇತ್ ಕಳೆದುಕೊಂಡವಳಲ್ಲ. ಕಣ್ಣು ಮುಚ್ಚಿ ಕೈ ಮುಗಿದರೆ ನನಗೆ ಕಾಣುತ್ತಿದ್ದದ್ದು ಕತ್ತಲೆ, ಅದರಲ್ಲಿ ಒಂದೆರಡು ಕೆಂಪು ಚುಕ್ಕೆ. ಆಮೇಲೆ ಮೆಲ್ಲಗೆ ಒಂದು ಕಣ್ಣು ತೆರೆದು ಉಳಿದವರ ಮುಖ ನೋಡುತ್ತಿದ್ದೆ. ಎಷ್ಟು ಚೆಂದ ಕಾಣುತ್ತಿದ್ದರು! ಕಿವಿಗೆ ಶ್ರುತಿಯೇ ಸಿಕ್ಕದ ಕೆಲವರು ಸಂಗೀತ ಕಛೇರಿಯ ಮುಂದಿನ ಸಾಲಲ್ಲಿ ಕೂತು ತಲೆದೂಗುತ್ತಾರಲ್ಲ, ನಾನು ಆ ಪೈಕಿ. ಪ್ರಸಾದದ ಸಾಲಿನಲ್ಲಂತೂ ನನ್ನನ್ನು ಹಿಂದೆ ಹಾಕಿದವರಿಲ್ಲ.

ಅಪ್ಪ ಶಿಕಾರಿಪುರದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ತಾಯಿ ನಾನು ನೆನಪಿಟ್ಟುಕೊಳ್ಳುವ ಮೊದಲೇ ಹೋಗಿದ್ದಳು. ಬೇಸಿಗೆ ರಜೆ ಬಂತೆಂದರೆ ನನ್ನನ್ನು ಬಸ್ಸು ಹತ್ತಿಸಿ ಕುಪ್ಪಗಡ್ಡೆಗೆ ಕರೆತರುತ್ತಿದ್ದ. ಅಲ್ಲಿ ಅಜ್ಜಿ, ಚಿಕ್ಕಪ್ಪ, ಮತ್ತು ಹೊಸದಾಗಿ ಬಂದಿದ್ದ ಚಿಕ್ಕಮ್ಮ. ಚಿಕ್ಕಮ್ಮ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅತ್ತೆಯೆದುರು ಸೊಸೆ, ಬಾವಿಕಟ್ಟೆಯಲ್ಲಿ ನನ್ನ ಓರಗೆಯವಳು.

ನನಗೆ ಹನ್ನೊಂದಾದ ವರ್ಷ ಅಪ್ಪನಿಗೆ ನನ್ನನ್ನು ಶಿವಮೊಗ್ಗದ ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸುವ ಮನಸ್ಸಾಯಿತು. ಒಮ್ಮೆ ಕರೆದುಕೊಂಡು ಹೋಗಿ ತೋರಿಸಿಯೂ ಇದ್ದ. ಬಿಳಿ ಸಾಕ್ಸು ಹಾಕಿದ ಹುಡುಗಿಯರು, ಗಾಜಿನ ಬೀರುಗಳ ತುಂಬ ಪುಸ್ತಕ. ಒಂದು ಬೀರುವಿನ ಬಾಗಿಲು ಅರ್ಧ ತೆರೆದಿತ್ತು. ಆ ಅರ್ಧ ಬಾಗಿಲು ಎರಡು ತಿಂಗಳು ನನ್ನನ್ನು ಬಿಡಲಿಲ್ಲ. ಆದರೆ ಅಪ್ಪ ತನ್ನ ತಾಯಿಯ ಮಾತು ಮೀರುವವನಲ್ಲ.

"ಕಾನ್ವೆಂಟಾ?" ಅಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. "ಕೂಸನ್ನ ಕಿರಿಸ್ತಾನ ಮಾಡಿ ಕಳಿಸ್ತಾರೆ."

"ಹಂಗೇನಿಲ್ಲ ಅವ್ವಾ. ಓದು ಚೆನ್ನಾಗಿದೆ."

"ನೀ ಹೇಳಿದ್ರೆ ಆತಾ? ಅಮ್ಮನವರನ್ನ ಕೇಳ್ತೀನಿ. ನಾಳೆ ಸಂಜೆ, ದೀಪ ಹಚ್ಚಿದ ಮೇಲೆ."

ಸಂಜೆ ಎಂದ ಕೂಡಲೇ ನನ್ನ ಕಾನ್ವೆಂಟು ಹೋಯಿತು ಅಂದುಕೊಂಡೆ. ಯಾಕೆಂದರೆ ಮೂರು ಬೇಸಿಗೆಯ ಅಬ್ಸರ್ವೇಶನ್ ನನ್ನಲ್ಲಿತ್ತು. ಭಕ್ತಿಯಿಂದ ಕಣ್ಣು ಮುಚ್ಚಿದವರಿಗೆ ಕಾಣದ್ದು ಒಂದು ಕಣ್ಣು ತೆರೆದವಳಿಗೆ ಕಂಡಿತ್ತು. ದೇವರ ಕೋಣೆಯ ಸೂರಿನಲ್ಲಿ ಒಂದು ಗಾಜಿನ ಹೆಂಚು. ಬೆಳಿಗ್ಗೆ ಒಂಬತ್ತೂವರೆಗೆ ಅದರಿಂದಿಳಿದ ಬಿಸಿಲುಕೋಲು ಸರಿಯಾಗಿ ಅಮ್ಮನವರ ಬಲಗೆನ್ನೆಗೆ ತಾಗುತ್ತಿತ್ತು. ಹಿತ್ತಾಳೆ ಬಿಸಿಯಾಗಿ, ಹೂವಿನ ನೀರಾರಿ, ಟಪ್. ಸಂಜೆಯಾದರೆ ಎತ್ತರದ ಐದು ಬತ್ತಿಯ ದೀಪ ಎಡಗೆನ್ನೆಯ ಮಗ್ಗುಲಲ್ಲೇ ಉರಿಯುತ್ತಿತ್ತು. ಆಗ ಎಡಗಡೆಯದು ಟಪ್. ನಮ್ಮ ಅಮ್ಮನವರು ಬೆಳಿಗ್ಗೆ ಹೂಂ, ಸಂಜೆ ಊಹೂಂ.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಬಾವಿಯಿಂದ ನೀರು ಸೇದುತ್ತಿದ್ದಳು. ಹೋಗಿ ಸೆರಗು ಹಿಡಿದೆ.

"ಚಿಕ್ಕಮ್ಮ, ಈಗಲೇ ಕೇಳು ಅಂತ ಅಜ್ಜಿಗೆ ಹೇಳು. ಸಂಜೆ ಬೇಡ."

"ಯಾಕೆ? ಅಮ್ಮನವರಿಗೆ ಸಂಜೆ ಕಿವಿ ಕೇಳಲ್ವಾ?"

ಎಲ್ಲ ಹೇಳಿಬಿಟ್ಟೆ. ಹೆಂಚು, ಬಿಸಿಲು, ದೀಪ. ಹಗ್ಗ ಅರ್ಧದಲ್ಲೇ ನಿಂತಿತು.

"ಎಷ್ಟು ದಿನದಿಂದ ಈ ಕಳ್ಳ ಲೆಕ್ಕ?"

"ಮೂರು ಬೇಸಿಗೆ."

ಅವಳು ಲೆಕ್ಕ ಹಾಕುತ್ತಿರುವುದು ಮುಖದಲ್ಲೇ ಕಂಡಿತು. ಅವಳನ್ನು ಈ ಮನೆಗೆ ತರಬಹುದೋ ಎಂದು ಕೇಳಿದ್ದೂ ಇದೇ ಹೂವನ್ನೇ. ಆಗ ಬಾಗಿಲಲ್ಲಿ ನಾನೂ ನಿಂತಿದ್ದೆ.

"ನನ್ನ ಬಗ್ಗೆ ಕೇಳಿದ್ದು ಯಾವಾಗ?"

ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. "ಬೆಳಿಗ್ಗೆ," ಎಂದೆ.

"ಅಂದ್ರೆ, ಸಂಜೆ ಕೇಳಿದ್ರೆ ನಾನು ಈ ಮನೆಗೆ ಬರ್ತಿರ್ಲಿಲ್ಲ?"

ನನಗೆ ಆಗ ಭಯವಾಯಿತು. ಅಮ್ಮನವರ ಭಯವಲ್ಲ, ಚಿಕ್ಕಮ್ಮನ ಮುಖದ ಭಯ. ತಲೆಯಾಡಿಸಿದೆ. ಅವಳು, "ಥೋ ಮಾರಾಯ್ತಿ, ಸಂಜೆ ಕೇಳಬಾರದಿತ್ತಾ ಹಾಗಾದ್ರೆ!" ಎಂದು ನಗತೊಡಗಿದಳು. ಕೊಡಪಾನ ಜಾರಿ ಬಾವಿಯೊಳಗೆ ಧೊಪ್ಪೆಂದು ಬಿತ್ತು. ಒಳಗಿನಿಂದ ಅಜ್ಜಿ, "ಎಂತದೇ ಅದು?" ಎಂದು ಕೂಗಿದಳು. "ಕಪ್ಪೆ, ಅತ್ತೇ!" ಎಂದು ಚಿಕ್ಕಮ್ಮ ಇನ್ನೂ ನಕ್ಕಳು.

ನಗು ನಿಂತ ಮೇಲೆ ಕೇಳಿದಳು, "ಅಮ್ಮನವರು ಅಲ್ಲಿ ಇಲ್ವೇ ಇಲ್ವಾ, ನಿನ್ನ ಪ್ರಕಾರ?"

"ಗೊತ್ತಿಲ್ಲ ಚಿಕ್ಕಮ್ಮ. ನನಗೆ ಕಾಣಲ್ಲ."

"ನನಗೆ ಕಾಣ್ತಾರೆ," ಎಂದಳು, ನನ್ನ ಕಣ್ಣಿಗೆ ಬಿದ್ದ ಕೂದಲನ್ನು ಕಿವಿಯ ಹಿಂದೆ ಸಿಗಿಸುತ್ತ. "ಅಜ್ಜಿ ಹತ್ರ ಬಾಯಿ ಬಿಡಬೇಡ. ಮುದುಕಿ ಸತ್ತೇ ಹೋಗ್ತಾಳೆ."

ಅದು ನನಗೂ ಗೊತ್ತಿತ್ತು. ಬಾಯಿ ಬಿಟ್ಟರೆ ಅಜ್ಜಿಯ ಎಮ್ಮೆ, ಬಾವಿ, ಸೊಸೆ ಎಲ್ಲದರ ಹೂಂ ಹೋಗಿಬಿಡುತ್ತಿತ್ತು. ಒಂದು ಬೀರುವಿನ ಬಾಗಿಲಿಗಾಗಿ ಅಷ್ಟನ್ನೂ ಕೆಡವುವುದೇ? ಇಡೀ ಹಗಲು ಮಾವಿನ ಮರದಡಿ ಕೂತು ಕಾನ್ವೆಂಟನ್ನು ಮನಸ್ಸಿನಿಂದ ತೆಗೆದುಹಾಕಲು ಪ್ರಯತ್ನಪಟ್ಟೆ. ಸಾಕ್ಸು ಹೋಯಿತು. ಬೀರು ಹೋಗಲಿಲ್ಲ.

ಸಂಜೆ ಅಜ್ಜಿ ಮಡಿಯುಟ್ಟು ಬಂದಳು. ಅಪ್ಪ, ಚಿಕ್ಕಪ್ಪ ಬಾಗಿಲಲ್ಲಿ. ನಾನು ಎಲ್ಲರ ಹಿಂದೆ. ದೇವರ ಕೋಣೆ ಸಾರಿಸಿ ದೀಪ ಹಚ್ಚುವುದು ದಿನವೂ ಚಿಕ್ಕಮ್ಮನ ಕೆಲಸ. ಒಳಗೆ ನೋಡುತ್ತೇನೆ, ದೀಪ ಬಲಗಡೆ ಇದೆ!

"ಇದೇನೆ, ದೀಪ ಇತ್ಲಾಗೆ ಬಂದಿದೆ?" ಅಜ್ಜಿ ಕೇಳಿದಳು.

"ಎಡಗಡೆ ನೆಲ ಇನ್ನೂ ಹಸಿ ಇದೆ ಅತ್ತೆ. ಈಗಷ್ಟೇ ಸಾರಿಸಿದ್ದು."

ಅಜ್ಜಿ ಹೂ ಅಂಟಿಸಿ ಕೈ ಮುಗಿದಳು. ಚಿಕ್ಕಮ್ಮ ಮೂಲೆಯಲ್ಲಿ ನಿಂತು ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಬೇಡಿಕೊಳ್ಳುತ್ತಿದ್ದಳು, ನಿಜವಾಗಿ. ದೀಪವನ್ನು ಸರಿಸಿದವಳೂ ಅವಳೇ, ಬೇಡಿಕೊಂಡವಳೂ ಅವಳೇ. ನಾನು ಎಂದಿನಂತೆ ಒಂದು ಕಣ್ಣು ತೆರೆದೇ ಇದ್ದೆ. ಬತ್ತಿಗಳು ಸಣ್ಣಗೆ ಅಲ್ಲಾಡಿದವು. ಬಲಗೆನ್ನೆಯ ಹೂವಿನ ಒಂದು ಎಸಳು ಮೊದಲು ಬಿಟ್ಟುಕೊಂಡಿತು. ಟಪ್.

"ಹೋಗು ಕೂಸೆ," ಎಂದಳು ಅಜ್ಜಿ. ಕಣ್ಣು ಒರೆಸಿಕೊಂಡು ಆ ಹೂವನ್ನು ನನ್ನ ಜಡೆಗೆ ಸಿಕ್ಕಿಸಿದಳು. ನಾನು ಅಂಗಳಕ್ಕೆ ಓಡಿ ಏಳು ಸುತ್ತು ಸುತ್ತಿದೆ. ಅಷ್ಟು ಖುಷಿ.

ಆಮೇಲೆ ಚಿಕ್ಕಮ್ಮನನ್ನು ಕೇಳಿದೆ, "ನೀನೇ ಇಟ್ಟೆಯಲ್ಲ?" ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತ, ತಲೆಯೆತ್ತದೆ ಹೇಳಿದಳು, "ನಾನಲ್ಲ. ಅಮ್ಮನವರೇ ನನ್ನ ಕೈಲಿ ಇಡಿಸಿದ್ದು. ನಿನಗೆ ಲೆಕ್ಕ ಬರುತ್ತೆ, ನನಗೆ ಇದು ಬರುತ್ತೆ. ಹೋಗಿ ಟ್ರಂಕು ಜೋಡಿಸು."

ಕಿರಿಸ್ತಾನ ಮಾಡಿಬಿಡುತ್ತಾರೆಂಬ ಅಜ್ಜಿಯ ಭಯಕ್ಕೆ ಬುಡವೇ ಇರಲಿಲ್ಲ. ಇದ್ದ ಮನೆಯ ಅಮ್ಮನವರನ್ನೇ ನಂಬದವಳು ಬೇರೆಯವರ ಮನೆಯ ಸ್ವಾಮಿಯನ್ನು ನಂಬುತ್ತಾಳೆಯೇ? ಆದರೂ ನಾನು ರಜೆಗೆ ಬಂದಾಗಲೆಲ್ಲ ಅಜ್ಜಿ ಮುದ್ದು ಮಾಡುವ ನೆಪದಲ್ಲಿ ನನ್ನ ಕುತ್ತಿಗೆ ತಡವುತ್ತಿದ್ದಳು, ಶಿಲುಬೆ ಸಿಗುತ್ತದೋ ಎಂದು. ಕಾನ್ವೆಂಟಿನ ಚಾಪೆಲಿನಲ್ಲೂ ನನ್ನದು ಅದೇ ಕಥೆ. ಮೇಣದ ವಾಸನೆ, ಬಣ್ಣದ ಗಾಜು, ಎಲ್ಲರೂ ಸೇರಿ ಹಾಡುವುದು, ಎಲ್ಲ ಸ್ವರ್ಗ. "ವಾಟ್ ಡು ಯು ಪ್ರೇ ಫಾರ್, ಚೈಲ್ಡ್?" ಎಂದು ನಮ್ಮ ವಯಸ್ಸಾದ ಸಿಸ್ಟರ್ ಒಮ್ಮೆ ಕೇಳಿದರು. "ನಥಿಂಗ್, ಸಿಸ್ಟರ್. ಐ ಜಸ್ಟ್ ಲೈಕ್ ದ ಸಿಂಗಿಂಗ್." ಬೈಗುಳಕ್ಕೆ ಕಾದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ದೆನ್ ಸಿಂಗ್ ಲೌಡರ್," ಎಂದರು.

ಚಿಕ್ಕಮ್ಮನನ್ನು ನಾನು ಕೊನೆಯ ಸಲ ನೋಡಿದ್ದು ಸೊರಬದಲ್ಲಿ, ಅವಳ ಮಗನ ಮನೆಯಲ್ಲಿ. ಅವಳ ಮಂಡಿ ಆಪರೇಶನ್ನಿಗೆ ಮಗ ದಿನ ಗೊತ್ತು ಮಾಡಿದ್ದ. ಅವಳು ಹಟ ಹಿಡಿದು ಕೂತಿದ್ದಳು. ಹೇಗಾದರೂ ಒಪ್ಪಿಸು ಎಂದು ಅವನು ಫೋನ್ ಮಾಡಿದ್ದಕ್ಕೆ ನಾನು ಶಿಕಾರಿಪುರದಿಂದ ಬೆಳಗಿನ ಬಸ್ಸಿಗೇ ಹೋಗಿದ್ದೆ.

"ಅಮ್ಮನವರನ್ನ ಕೇಳೋಣ," ಎಂದಳು. "ನೀನೇ ಹೂ ಇಡು. ನಿನಗೆ ಭಕ್ತಿ ಇಲ್ಲ, ಪಕ್ಷಪಾತ ಇರಲ್ಲ."

ಕುಪ್ಪಗಡ್ಡೆಯ ಅದೇ ಹಿತ್ತಾಳೆ ಮುಖ, ಈಗ ಗಾಜಿನ ಬಾಗಿಲಿನ ಮರದ ಗೂಡಿನಲ್ಲಿತ್ತು. ಬಲಗಡೆಯ ಹೂವನ್ನು ನಾನು ನೀರಿಗೆ ತಾಗಿಸಿದಂತೆ ಮಾಡಿ ಎತ್ತಿದೆ.

"ಎರಡನ್ನೂ ಸಮ ಅದ್ದು, ಕಳ್ಳಿ," ಎಂದಳು ಕುರ್ಚಿಯಿಂದಲೇ. ಮಂಡಿ ಹೋಗಿತ್ತು, ಕಣ್ಣು ಹೋಗಿರಲಿಲ್ಲ.

ಸಮ ಅದ್ದಿ ಅಂಟಿಸಿ ಕೇಳಿದೆ, "ದೀಪ ಯಾವ ಕಡೆ ಇಡಲಿ ಚಿಕ್ಕಮ್ಮ?"

ಅವಳು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಅರುವತ್ತು ವರ್ಷದ ಹಿಂದಿನ ಕೊಡಪಾನ ಮತ್ತೆ ಬಾವಿಗೆ ಬಿತ್ತು. ಇಬ್ಬರೂ ನಕ್ಕ ನಗುವಿಗೆ ಮಗ ಅಡುಗೆಮನೆಯಿಂದ ಓಡಿ ಬಂದ. ನಗು ತಡೆದು, "ದೀಪ ಎಲ್ಲಿದೆ ಮಾರಾಯ್ತಿ, ಇದು ಎಲ್‌ಇಡಿ," ಎಂದು ಸ್ವಿಚ್ ತೋರಿಸಿದಳು. ಬಿಸಿಯೇ ಇಲ್ಲದ ಬೆಳಕು. ಹೂಗಳು ಕದಲಲಿಲ್ಲ. ಒಂದು ಕಾಫಿ ಆಯಿತು, ಊಟ ಆಯಿತು, ಇನ್ನೊಂದು ಕಾಫಿ ಆಯಿತು.

"ಅಮ್ಮನವರಿಗೆ ಇವತ್ತು ರಜಾ," ಎಂದು ನಾನು ಎದ್ದೆ. ಕೊನೆಯ ಬಸ್ಸು ತಪ್ಪಿಸಿಕೊಳ್ಳುವಂತಿರಲಿಲ್ಲ.

"ಆಪರೇಶನ್ನಿಗೆ ಹೋಗ್ತೀನಿ ಬಿಡು. ನೀನು ಇಷ್ಟು ದೂರ ಬಂದು ಹೇಳಿದ ಮೇಲೆ."

"ಎಡಕ್ಕೆ ಬಿದ್ರೆ?"

"ನೀನು ಹೋದ ಮೇಲೆ ತಾನೆ ಬೀಳೋದು? ಯಾವ ಕಡೆ ಬಿತ್ತು ಅಂತ ನೋಡೋಳು ನಾನೊಬ್ಬಳೇ."

ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿ ತಿರುಗಿ ನೋಡಿದೆ. ಅವಳು ಕುರ್ಚಿಯನ್ನು ಗೂಡಿನ ಹತ್ತಿರಕ್ಕೆ ಎಳೆಸಿಕೊಂಡಿದ್ದಳು.

"ಬಿತ್ತಾ?" ಕೂಗಿದೆ.

"ಇನ್ನೂ ಇಲ್ಲ. ನೀ ಹೋಗು ಕೂಸೆ, ಬಸ್ಸು ಹೋಗುತ್ತೆ," ಎಂದಳು, ಹೂವಿನಿಂದ ಕಣ್ಣು ತೆಗೆಯದೆ, ಬಲಗೈಯನ್ನು ಬೀಸುತ್ತ.