ಮೊದಲು ಕರೆಂಟ್ ತೆಗೆಯಿರಿ

ಮುಂಬಯಿಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಎರಡನೇ ಮಹಡಿಯ ಗೋಡೆಯ ಮೇಲೆ ನನ್ನ ಕೈಬರಹದ ಒಂದು ಹಾಳೆ ಇದೆ. ನಿವೃತ್ತನಾದ ಮೇಲೆ ಅಲ್ಲಿ ತಪಾಸಣೆಯ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅಂಟಿಸಿದೆ. ಅದರ ಮೊದಲ ಸಾಲು: ‘ಮೊದಲು ಕರೆಂಟ್ ತೆಗೆಯಿರಿ. ಉಳಿದದ್ದು ಆಮೇಲೆ.’ ನಲವತ್ತು ವರ್ಷ ಎಲೆಕ್ಟ್ರಿಕಲ್ ವರ್ಕ್‌ಶಾಪಿನಲ್ಲಿ ನನ್ನ ಕೈಬೆರಳುಗಳು ಉಳಿದದ್ದು ಆ ಸಾಲಿನಿಂದ.

ರಕ್ತದ ಚೀಲಗಳನ್ನು ಒಯ್ಯುವ ತಂಪು ಪೆಟ್ಟಿಗೆಗೆ ಕೂರಿಸುವ ಸಣ್ಣ ಯಂತ್ರವನ್ನು ನಾವು ಅಲ್ಲಿ ಮಾಡುತ್ತೇವೆ. ಅದು ಗಂಟೆಗೊಮ್ಮೆ ಎದ್ದು, ಒಳಗಿನ ಉಷ್ಣತೆ ಬರೆದಿಟ್ಟು, ಮತ್ತೆ ಮಲಗಬೇಕು. ನಡುವೆ ಸುಮ್ಮನೆ ಏಳತೊಡಗಿದರೆ ದಾರಿಯಲ್ಲೇ ಬ್ಯಾಟರಿ ಮುಗಿಯುತ್ತದೆ. ಉಷ್ಣತೆಯ ದಾಖಲೆ ಇಲ್ಲದ ರಕ್ತವನ್ನು ಯಾರೂ ಯಾರಿಗೂ ಏರಿಸುವುದಿಲ್ಲ.

ನಮ್ಮ ಯಂತ್ರ ಏಳುತ್ತಿತ್ತು. ಪ್ರತಿ ಸಲವೂ ಅಲ್ಲ, ಕೆಲವು ಸಲ. ಯಾರು ಎಬ್ಬಿಸಿದರು ಎಂಬುದನ್ನು ಕರ್ನೆಲ್, ಅಂದರೆ ಯಂತ್ರವನ್ನು ಒಳಗಿನಿಂದ ನಡೆಸುವ ಮೂಲ ಸಾಫ್ಟ್‌ವೇರ್, ತಾನೇ ಬರೆದಿಡುತ್ತದೆ. ಹಾಗೆ ಎದ್ದಾಗಲೆಲ್ಲ ಅಲ್ಲಿ ಒಂದೇ ಹೆಸರು: ಟಚ್ ಗಾಜು, ಬೆರಳಿನಿಂದ ಮುಟ್ಟಿ ನಡೆಸುವ ಪರದೆ. ನಾನು ಗಾಜಿನ ಮೇಲೆ ರಟ್ಟಿನ ಮುಚ್ಚಳ ಇಟ್ಟು ನೋಡಿದ್ದೆ. ಯಾರೂ ಮುಟ್ಟುತ್ತಿರಲಿಲ್ಲ. ಆದರೂ ಎದ್ದಿತು.

ಟಚ್‌ನ ಡ್ರೈವರ್, ಅಂದರೆ ಆ ಗಾಜನ್ನು ಹೇಗೆ ನಡೆಸಿಕೊಳ್ಳಬೇಕೆಂದು ಕರ್ನೆಲ್‌ಗೆ ಹೇಳುವ ಕೋಡ್, ಬರೆದವಳು ವಿಜಯಪುರ ಕಡೆಯ ಹುಡುಗಿ. ಮನೆಮಾತು ದಖ್ನಿ ಉರ್ದು, ಕನ್ನಡ ಸರಾಗ. ಕೆಲಸಕ್ಕೆ ಸೇರಿ ಐದು ತಿಂಗಳು, ಇನ್ನೂ ಕಾಯಂ ಆಗಿರಲಿಲ್ಲ. ಆ ದಿನ ನಾಲ್ಕು ಗಂಟೆಗೆ ಗಿರಾಕಿಗಳು ಯಂತ್ರ ಪರೀಕ್ಷಿಸಲು ಬರುವವರಿದ್ದರು. ನಾನು ವಡಾಲದಿಂದ ಎರಡು ಲೋಕಲ್ ರೈಲು ಬದಲಿಸಿ ಎಂಟೂವರೆಗೆ ಬಂದಾಗ, ಬೆಳಗಾವಿಯವರಾದ ನಮ್ಮ ಮಾಲೀಕರು ಬಾಗಿಲಲ್ಲೇ ನಿಂತಿದ್ದರು.

“ಕಾಕಾ, ಅಕಿಗೆ ಹೇಳೇನಿ. ಇವತ್ತ ಗಿರಾಕಿ ಮುಂದ ಮಿಷಿನ್ ಎದ್ದು ಕುಂತ್ರ, ನಾಳಿಂದ ಬರಬ್ಯಾಡ ಅಂತ.”

ನಾನು ಚಪ್ಪಲಿ ಜೋಡಿಸಿಟ್ಟು ಒಳಗೆ ಹೋದೆ. ಅವಳು ಯಂತ್ರವನ್ನು ಮಲಗಿಸುತ್ತಿದ್ದಳು, ಅದು ಎಳೆಯುವ ಕರೆಂಟ್ ತೋರಿಸುವ ಮೀಟರಿನ ಮುಳ್ಳು ಸೊನ್ನೆಗೆ ಇಳಿಯುತ್ತಿತ್ತು, ಮತ್ತೆ ಚಿಮ್ಮುತ್ತಿತ್ತು.

“ನಿದ್ದಿ ನಾಟಕ ಮಾಡಾಕತ್ತದ್ರಿ ಕಾಕಾ. ನಮ್ಮ ಪಾರ್ಲೆದ ಹಾಸ್ಟೆಲಿನ ಹುಡುಗ್ಯಾರಗತೆ. ಮೊಬೈಲ್ ಕಿಣ್ ಅಂದ್ರ ಸಾಕು, ಎದ್ದ ಬಿಡ್ತಾವ.”

“ಕಿಣ್ ಅಂದವರು ಯಾರು ಹುಡುಕು ತಂಗಿ. ನಾಟಕ ಆಮ್ಯಾಲೆ ನೋಡೂಣು.”

ಗಾಜಿನಿಂದ ಕರ್ನೆಲ್‌ಗೆ ಹೋಗುವ ಒಂದು ತಂತಿಯಿದೆ. ಬೆರಳು ಮುಟ್ಟಿದರೆ ಅದರ ವೋಲ್ಟೇಜ್ ಕೆಳಗಿಳಿಯುತ್ತದೆ, ಅದೇ ಕರೆ. ಹನ್ನೊಂದು ಗಂಟೆಗೆ ಅವಳು ಆ ತಂತಿಗೆ, ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸ್ಕೋಪ್ ಹಚ್ಚಿದಳು. ಯಂತ್ರ ಮಲಗಲು ಹೊರಟಿತು. ಅವಳ ಕೋಡ್ ಗಾಜಿನ ಕರೆಂಟ್ ತೆಗೆಯಿತು. ಕರೆಂಟ್ ಹೋದದ್ದೇ ತಂತಿಯ ಗೆರೆ ತಾನಾಗಿ ಕೆಳಗೆ ಬಿತ್ತು. ಕರ್ನೆಲ್ ಇನ್ನೂ ಆ ತಂತಿಗೆ ಕಿವಿಗೊಟ್ಟೇ ಇತ್ತು. ಬಿದ್ದ ಗೆರೆಯನ್ನು ಬೆರಳೆಂದು ತಿಳಿದು ಎದ್ದಿತು. ಕೆಲವು ಸಲ ಗೆರೆ ನಿಧಾನವಾಗಿ ಇಳಿಯುತ್ತಿತ್ತು, ಅಷ್ಟರಲ್ಲಿ ಕೋಡಿನ ಮುಂದಿನ ಸಾಲು ಬಂದು ಕರ್ನೆಲ್‌ನ ಕಿವಿ ಮುಚ್ಚಿರುತ್ತಿತ್ತು. ಆಗ ಮಾತ್ರ ಯಂತ್ರ ಸರಿಯಾಗಿ ಮಲಗುತ್ತಿತ್ತು.

“ಹಾಂಗಾರ ಮೊದಲ ಕಿವಿ ಮುಚ್ಚಬೇಕಿತ್ತು, ಕರೆಂಟ್ ಆಮ್ಯಾಲೆ,” ಎಂದಳು. ನನ್ನ ಹಾಳೆಯ ಕಡೆ ತಿರುಗಿ ಸೇರಿಸಿದಳು: “ಗ್ವಾಡಿ ಮ್ಯಾಲೆ ಉಲ್ಟಾ ಬರದದಲ್ರಿ.”

ನನಗೆ ನೆನಪಾಯಿತು. ಈ ಕೋಡ್ ಬರೆಯುವಾಗ ಅವಳು ನನ್ನ ಮೇಜಿನ ಹತ್ತಿರ ಬಂದು, ಯಾವುದು ಮೊದಲು ಎಂದು ಕೇಳಿದ್ದಳು. ನಾನು ತಲೆ ಎತ್ತದೆ ಹಾಳೆಯ ಕಡೆ ಬೆರಳು ತೋರಿಸಿ, ಮೊದಲ ಸಾಲನ್ನು ಬಾಯಲ್ಲಿ ಹೇಳಿದ್ದೆ. ಆಮೇಲೆ ಅವಳ ಕೋಡನ್ನು ಸಾಲುಸಾಲಾಗಿ ಓದಿ, ಕ್ರಮ ಸರಿಯಿದೆ ಎಂದು ಸಹಿ ಹಾಕಿದವನೂ ನಾನೇ.

ಒಂದೂವರೆಗೆ ಕೋಡ್ ಬದಲಾಯಿತು. ಮಲಗುವಾಗ, ಮೊದಲು ಗಾಜಿಗೆ ಎಬ್ಬಿಸುವ ಅಧಿಕಾರವಿಲ್ಲವೆಂದು ಹೇಳುವುದು, ಆಮೇಲೆ ಅದರ ತಂತಿಗೆ ಕಿವಿ ಮುಚ್ಚುವುದು, ಕೊನೆಗೆ ಕರೆಂಟ್. ಏಳುವಾಗ ಇದರ ತಿರುಗುಮುರುಗು: ಕರೆಂಟ್ ಕೊಟ್ಟು, ಗಾಜು ಸ್ಥಿರವಾಗುವವರೆಗೆ ಕಾದು, ಆಮೇಲೆ ಕಿವಿ ತೆರೆಯುವುದು. ಅವಳು ಮಲಗಿಸಿದಳು, ಎಬ್ಬಿಸಿದಳು, ಮಲಗಿಸಿದಳು. ನಾನು ಕಾಗದದ ಮೇಲೆ ಸಲಕ್ಕೊಂದು ಗೆರೆ ಹಾಕುತ್ತಾ ಹೋದೆ. ಮಲಗಿಸಿದಾಗಲೆಲ್ಲ ಮುಳ್ಳು ಸೊನ್ನೆಯಲ್ಲೇ ಉಳಿಯಿತು. ಊಟದ ಡಬ್ಬಿಗಳನ್ನು ನಾವಿಬ್ಬರೂ ಬಿಚ್ಚಲೇ ಇಲ್ಲ.

ಎರಡು ಗಂಟೆಗೆ ಮುಳ್ಳು ಚಿಮ್ಮಿತು.

ಅವಳು ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು. ದಾಖಲೆ ತೆರೆಯಲು ಎರಡು ಸಲ ತಪ್ಪಾಗಿ ಒತ್ತಿದಳು. “ಗಡಿಯಾರ್ರಿ,” ಎಂದಳು ಕೊನೆಗೆ. ಗಂಟೆಗೊಮ್ಮೆಯ ನಿಜವಾದ ಏಳುವಿಕೆ. ಉಷ್ಣತೆ ಬರೆದುಕೊಂಡು ಯಂತ್ರ ಮತ್ತೆ ಮಲಗಿತು.

ನಾನು ಎದ್ದು ಮಾಲೀಕರ ಕೋಣೆಗೆ ಹೋದೆ. ಹೇಳಬೇಕಾದದ್ದನ್ನು ನಿಂತೇ ಹೇಳಿದೆ: ಕ್ರಮ ನನ್ನದು, ಸಹಿ ನನ್ನದು, ಅವಳು ನಾನು ಹೇಳಿದ್ದನ್ನು ಮಾಡಿದ್ದಾಳೆ.

ಅವರು ಕನ್ನಡಕ ತೆಗೆದರು. “ಒಂದ್ ಸ್ಕ್ರೂ ಸೊಟ್ಟ ಇದ್ರ ಮೂರ್ ದಿನ ಬೈತೀರಿ ನೀವು. ಈಗ ನಾ ಯಾರಿಗಿ ಬೈಲಿ?”

“ನನಗ ಬೈರಿ. ನಾಲ್ಕರ ಕೆಲಸ ಮುಗೀಲಿ, ಆಮ್ಯಾಲೆ.”

“ಅಕಿದೂ ಆಮ್ಯಾಲೆನ ನೋಡೂಣು,” ಎಂದರು.

ಗಿರಾಕಿಗಳು ಇಬ್ಬರು ಬಂದರು. ತಾವೇ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಟೆಂಪೋದಲ್ಲಿ ಹಾಕಿಕೊಂಡು ಹೈವೇಗೆ ಹೋದರು. ಮರಳಿದ್ದು ಆರೂಕಾಲಿಗೆ. ಅಷ್ಟೂ ಹೊತ್ತು ಅವಳು ಕಿಟಕಿ ಬಿಟ್ಟು ಕದಲಲಿಲ್ಲ. ನಾನು ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ. ದಾಖಲೆ ತೆರೆದಾಗ ಅದರಲ್ಲಿ ಎರಡೇ ಏಳುವಿಕೆಗಳು, ಐದರದ್ದು ಮತ್ತು ಆರರದ್ದು. ಎರಡೂ ಗಡಿಯಾರದವು.

ಮಾಲೀಕರು ಗಿರಾಕಿಗಳನ್ನು ಲಿಫ್ಟಿನವರೆಗೆ ಬಿಟ್ಟು ಬಂದು ಅವಳಿಗೆ ಅಂದದ್ದು ಇಷ್ಟೇ: “ನಾಳಿ ಹತ್ತಕ್ಕ ಬಾರವಾ. ಲೋಕಲ್ ಲೇಟ್ ಆತು ಅನಬ್ಯಾಡ.”

ನಾನು ಹಾಳೆಯ ಹತ್ತಿರ ಹೋದೆ. ಹರಿಯಲು ಮನಸ್ಸಾಗಲಿಲ್ಲ, ಆ ಸಾಲು ಸುಳ್ಳಲ್ಲ. ಅದರ ಮುಂದೆ ‘ಇದು ಕೈಗೆ, ಕೋಡಿಗಲ್ಲ’ ಎಂದು ಬರೆದೆ.

“ಕೋಡಿಗೆ ಯಾವ್ದು ಮೊದಲ ಅಂತನೂ ಬರೀರಿ ಕಾಕಾ.”

ಪೆನ್ನನ್ನು ಅವಳ ಕೈಗೆ ಕೊಟ್ಟೆ. ಶಾಲೆಯಿಂದಲೂ ಮುಂಬಯಿಯಲ್ಲೇ ಓದಿದವಳು, ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ‘ಮೊದಲ ಕಿವಿ ಮುಚ್ಚು’ ಎಂಬ ಕನ್ನಡವನ್ನೇ ಹಿಂದಿ ಲಿಪಿಯಲ್ಲಿ, ಸೊಟ್ಟಗೆ, ನನ್ನ ಸಾಲುಗಳ ನಡುವೆ ಬರೆದಳು. ನಾನು ತಿದ್ದಲಿಲ್ಲ.