ಎರಡೂರಿನ ಮೇಷ್ಟ್ರು

ಮೊನ್ನೆ ಅಟ್ಟದಿಂದ ಹಳೇ ಕೀಬೋರ್ಡ್ ಇಳಿಸಿ ಕೊಡವಿದರೆ ನಶ್ಯದ ಘಾಟು ಮೂಗಿಗೆ ಬಡಿಯಿತು. ಇಷ್ಟು ವರ್ಷವಾದರೂ! ಹೊಸದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ನಾನು ಸೈಬರ್ ಸೆಂಟರ್ ನಡೆಸುತ್ತಿದ್ದಾಗ, "ಸಾರ್, ಕೀಬೋರ್ಡ್ ಮೇಲೆ ನಶ್ಯ ಉದುರಿಸಬ್ಯಾಡ್ರಿ" ಎಂದು ಎಷ್ಟು ಸಲ ಗೋಗರೆದಿದ್ದೆನೋ... ಕೇಳಿದ್ದರೆ ತಾನೇ.

ಹೈಸ್ಕೂಲಿನಲ್ಲಿ ನನಗೆ ಭೂಗೋಳ ಕಲಿಸಿದ ಮೇಷ್ಟ್ರು ಅವರು. ರಿಟೈರಾದ ಮೇಲೆ ದಿನಾ ಬೆಳಗ್ಗೆ ಬಂದು ಕೂರುತ್ತಿದ್ದರು. ಆಗ ನಮ್ಮ ಜಿಲ್ಲೆಯವರದ್ದೊಂದು ಇಮೇಲ್ ಗುಂಪಿತ್ತು. ಅದರಲ್ಲಿ ಮಾರಿಕಣಿವೆ ಡ್ಯಾಮಿನ ಜಗಳ ಮುಗಿಯುತ್ತಲೇ ಇರಲಿಲ್ಲ. ಡ್ಯಾಮು ತುಂಬಲಿ ಎಂದು ಹಿರಿಯೂರಿನವರು, ತುಂಬಿದರೆ ಹಿನ್ನೀರಿನಲ್ಲಿ ನಮ್ಮ ಹೊಲಗಳು ಮುಳುಗುತ್ತವೆ ಎಂದು ಹೊಸದುರ್ಗದವರು. ಮೇಷ್ಟ್ರ ಹೊಲವೂ ಹಿನ್ನೀರಿನ ಅಂಚಿನಲ್ಲೇ ಇತ್ತು. ಮಗಳನ್ನು ಕೊಟ್ಟಿದ್ದು ಮಾತ್ರ ಹಿರಿಯೂರು ಪಕ್ಕದ ಬಬ್ಬೂರಿಗೆ. ನೀರು ಬರಲಿ, ಮುಳುಗುವವರಿಗೆ ಮೊದಲು ಬೇರೆ ಜಮೀನು ಕೊಡಲಿ ಎಂದು ಮೇಷ್ಟ್ರು ಗುಂಪಿಗೆ ಬರೆದರು. "ಹೊಸದುರ್ಗದೋರು ಇನ್ನೇನು ಹೇಳ್ತೀರಿ" ಎಂದು ಹಿರಿಯೂರಿನವರು ಒಂದೇ ಸಾಲಿನಲ್ಲಿ ತಳ್ಳಿಹಾಕಿದರು.

ಮಾರನೇ ದಿನವೇ ಮೇಷ್ಟ್ರು ನನ್ನಿಂದ ಇನ್ನೊಂದು ಐಡಿ ಮಾಡಿಸಿಕೊಂಡರು. ಬಬ್ಬೂರಿನ ರೈತನ ಹೆಸರು ಹಾಕಿ ಅದೇ ಮಾತನ್ನು ಸ್ವಲ್ಪ ಹಿಂದುಮುಂದು ಮಾಡಿ ಬರೆದರು. ಹಿರಿಯೂರಿನವರು ಹೊಗಳಿದ್ದೇ ಹೊಗಳಿದ್ದು.

"ನೋಡಮ್ಮ, ಮಾತು ಅದೇ ಐತೆ. ಊರು ಬದಲಾತು, ಅಷ್ಟೇ."

ಅಲ್ಲಿಂದ ಶುರುವಾಯಿತು ನನ್ನ ಪಾಡು. ಹೊಸದುರ್ಗದವರಾಗಿ ಬರೆಯಲು ಕಿಟಕಿ ಪಕ್ಕದ ಕಂಪ್ಯೂಟರ್ ಬೇಕು, ಬಬ್ಬೂರಿನವರಾಗಿ ಬರೆಯಲು ಗೋಡೆ ಪಕ್ಕದ್ದು. ಒಂದರಿಂದಲೇ ಬರೆದರೆ ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆ ಅವರಿಗೆ. ಗಿರಾಕಿಗಳನ್ನು ಎಬ್ಬಿಸಿ ಎಬ್ಬಿಸಿ ನನಗೆ ರೋಸಿಹೋಯಿತು.

ಸಿಕ್ಕಿಬಿದ್ದದ್ದು ಬೇರೆ ರೀತಿ. ಗುಂಪಿನವರು ಹಿರಿಯೂರಿನಲ್ಲಿ ಸಭೆ ಸೇರಿದಾಗ ಈ ಪುಣ್ಯಾತ್ಮರು ಬಬ್ಬೂರಿನ ರೈತನಾಗಿ ಖುದ್ದು ಹೋದರು! ಅಲ್ಲಿ ನೌಕರಿಯಲ್ಲಿದ್ದ ಹಳೇ ಶಿಷ್ಯನೊಬ್ಬ ಎದ್ದು ನಿಂತು, "ನಮಸ್ಕಾರ ಸಾರ್, ಹೊಸದುರ್ಗದಿಂದ ಯಾವಾಗ ಬಂದ್ರಿ?" ಎಂದನಂತೆ. ಅಲ್ಲಿಯವರು ಮೋಸಗಾರ ಎಂದರು. ಇಲ್ಲಿಯವರು ಹಿರಿಯೂರಿನ ಏಜೆಂಟ್ ಎಂದರು.

ಕೊನೆಗೆ ಸ್ವಂತ ಹೆಸರಿನಲ್ಲಿ ಎಲ್ಲ ಒಪ್ಪಿಕೊಂಡು ಗುಂಪಿಗೆ ಬರೆದರು. ಆಮೇಲೆ ದಿನಾ ಬಂದು ಒಂದೇ ಪ್ರಶ್ನೆ: "ಏನಾರ ಬಂದೈತೇನಮ್ಮ?" ಒಂದು ದಿನ ತಡೆಯಲಾರದೆ, "ಯಾರೂ ಬರೆಯಲ್ಲ ಸಾರ್, ಸುಮ್ನೆ ಮನೇಲಿರ್ರಿ" ಎಂದುಬಿಟ್ಟೆ. ಮತ್ತೆ ಬರಲಿಲ್ಲ...

ತಿಂಗಳಾದ ಮೇಲೆ ಗುಂಪಿನಲ್ಲಿ ಒಬ್ಬನ ಉತ್ತರ ಬಂತು: ನಿಮ್ಮ ಹೊಲ ನೋಡಬೇಕು, ಯಾವಾಗ ಬರಲಿ? ಪ್ರಿಂಟ್ ತೆಗೆದುಕೊಂಡು ಅವರ ಮನೆಗೆ ಓಡಿದೆ. ಹಾಸಿಗೆ ಹಿಡಿದಿದ್ದರು. ಓದಿ ಹೇಳಿದರೆ ಮೊದಲು ಕೇಳಿದ್ದೇ, "ಯಾವೂರೋನಮ್ಮ ಅವನು?"

"ನೀವೂ ಅದನ್ನೇ ಕೇಳ್ತೀರಲ್ಲ ಸಾರ್!"

ಕೆಮ್ಮು ಬರುವಷ್ಟು ನಕ್ಕರು. "ಬರ್ಲಿ ಬಿಡು. ಭಾನುವಾರ ಎಲ್ರೂ ಹೋಗಾಣ."

ಭಾನುವಾರಕ್ಕೆ ಅವರಿರಲಿಲ್ಲ. ಹಿರಿಯೂರಿನಿಂದ ಬಂದ ಆ ಮನುಷ್ಯನಿಗೆ ಹೊಲ ತೋರಿಸಿದವಳು ನಾನು. ಬದುವಿನ ಮೇಲೆ ಹಿನ್ನೀರಿನ ಅಂಚಿನವರೆಗೂ ನಡೆದು ನೋಡಿ ಬಂದ.

ಈಗ ಸೆಂಟರೂ ಇಲ್ಲ. ಅದೇ ಜಗಳ ಮೊಬೈಲಿಗೆ ಬಂದು ಕೂತಿದೆ, ಓದಿದರೆ ತಲೆ ಕೆಡುತ್ತದೆ. ಅವತ್ತು ಪ್ರಿಂಟ್ ಹಿಡಿದು ಮೇಷ್ಟ್ರ ಮನೆಗೆ ಹೋಗಿದ್ದು, ಸುಮ್ನೆ ಮನೇಲಿರ್ರಿ ಎಂದುಬಿಟ್ಟದ್ದಕ್ಕೆ "ತಪ್ಪಾಯ್ತು ಸಾರ್" ಎನ್ನಲು ಕೂಡ. ಅವರನ್ನು ನಗಿಸಿದ ಭರದಲ್ಲಿ ಮರೆತೆ. ಭಾನುವಾರ ಹೇಳಿದರಾಯಿತು ಅಂದುಕೊಂಡು ಎದ್ದು ಬಂದೆ...